ಮಡಿಕೇರಿಯಿಂದ ಟೊರೊಂಟೊಗೆ: ವಿಮಾನದ ದೂರವನ್ನೂ ಪ್ರಯಾಣದ ವೇಳೆಯನ್ನೂ ತಪ್ಪದೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಮಡಿಕೇರಿಯಿಂದ ಟೊರೊಂಟೊಗೆ ಎಷ್ಟು ದೂರ ಎಂದು ಮೊಬೈಲಿನಲ್ಲಿ ಹುಡುಕಿದರೆ ಸುಮಾರು 13,300 ಕಿ.ಮೀ. ಎಂಬ ಉತ್ತರ ಬರುತ್ತದೆ. ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ, ಹದಿನೈದು ಗಂಟೆಯೊಳಗೆ ಮಗಳ ಮನೆ ಸೇರಬಹುದೆಂದು ನಂಬಿ ಟಿಕೆಟ್ ನೋಡಲು ಕೂರುವವರನ್ನು ನಾನು ಪ್ರತಿ ವರ್ಷ ಕಾಣುತ್ತೇನೆ. ನಾಪೋಕ್ಲು ಬಳಿಯ ತೋಟದ ಮನೆಯಿಂದ ಹೊರಟು ಟೊರೊಂಟೊ ನಿಲ್ದಾಣದ ಬಾಗಿಲು ದಾಟುವವರೆಗೆ ನಿಜಕ್ಕೂ ಹಿಡಿಯುವುದು ಮೂವತ್ತಾರು ಗಂಟೆಗೂ ಹೆಚ್ಚು.

ಅವರ ಭಾಗಾಕಾರ ಸರಿಯಾಗಿಯೇ ಇರುತ್ತದೆ, ಲೆಕ್ಕದ ಕ್ರಮ ತಪ್ಪಿರುತ್ತದೆ. ಕೊಡಗಿನಲ್ಲಿ ವಿಮಾನ ನಿಲ್ದಾಣವೇ ಇಲ್ಲದಿರುವಾಗ ಮಡಿಕೇರಿಯಿಂದ ಅಳೆದ ಆ ಸಂಖ್ಯೆಯು ಯಾವ ವಿಮಾನವೂ ಹಾರದ ದೂರ. ಟಿಕೆಟ್ ಮೇಲಿನ ಗಂಟೆಗಳೋ, ಆಯಾ ಊರಿನ ಗಡಿಯಾರದವು. ಇವೆರಡನ್ನು ಬೆರೆಸಿದ ಕೂಡಲೇ ಲೆಕ್ಕ ಕೆಡುತ್ತದೆ. ಕೆಳಗಿನ ಏಳು ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೆಯದು ಮುಗಿಯುವ ಮೊದಲು ಯಾರಿಗೂ ‘ಇಷ್ಟು ಹೊತ್ತಿಗೆ ತಲುಪುತ್ತೇವೆ’ ಎಂದು ಹೇಳಬೇಡಿ. ಉದಾಹರಣೆಗೆ ಟೊರೊಂಟೊವನ್ನು ಹಿಡಿದಿದ್ದೇನೆ. ಮೆಲ್ಬರ್ನ್ ಆದರೂ ಸ್ಯಾನ್ ಫ್ರಾನ್ಸಿಸ್ಕೊ ಆದರೂ ವಿಧಾನ ಇದೇ.

## ಬೇಕಾಗುವ ಸಾಧನಗಳು

ಒಂದು ನೋಟ್‌ಪುಸ್ತಕ, ಪೆನ್ನು ಮತ್ತು ಸೈನ್–ಕೊಸೈನ್ ಗುಂಡಿಗಳಿರುವ ಕ್ಯಾಲ್ಕುಲೇಟರ್ ಸಾಕು. ಮೊಬೈಲನ್ನು ಅಡ್ಡ ಹಿಡಿದರೆ ಬಹುತೇಕ ಫೋನುಗಳಲ್ಲಿ ಈ ಗುಂಡಿಗಳು ಕಾಣಿಸಿಕೊಳ್ಳುತ್ತವೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದನ್ನೂ ಒಂದು ಮೊಳ ನೂಲನ್ನೂ ಹತ್ತಿರ ಇಟ್ಟುಕೊಳ್ಳಿ. ನೋಟ್‌ಪುಸ್ತಕದ ಪುಟದಲ್ಲಿ ನಾಲ್ಕು ಕಂಬಸಾಲು ಗೀಚಿ: ಸ್ಥಳ, ಅಲ್ಲಿನ ಗಡಿಯಾರದ ವೇಳೆ, ಭಾರತೀಯ ವೇಳೆ, ವಾರದ ದಿನ. ನಾಲ್ಕನೆಯ ಸಾಲು ಅನಗತ್ಯವೆಂದು ಬಿಟ್ಟವರೇ ಹೆಚ್ಚಾಗಿ ಎಡವುತ್ತಾರೆ.

## ಹಂತ 1: ಎರಡು ತುದಿಗಳನ್ನು ಗುರುತಿಸುವುದು

ಊರಿನ ಹೆಸರನ್ನು ಬಿಟ್ಟು ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತವನ್ನು ಬರೆದುಕೊಳ್ಳಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಬಿಎಲ್‌ಆರ್, ಕಣ್ಣೂರಿಗೆ ಸಿಎನ್‌ಎನ್, ಮಂಗಳೂರಿಗೆ ಐಎಕ್ಸ್‌ಇ, ಲಂಡನ್ನಿನ ಹೀಥ್ರೋಗೆ ಎಲ್‌ಎಚ್‌ಆರ್, ಟೊರೊಂಟೊದ ಪಿಯರ್ಸನ್‌ಗೆ ವೈವೈಝಡ್.

ಇದು ಅತಿಜಾಗ್ರತೆಯೇನಲ್ಲ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿಯೇ ಲಂಡನ್ ಎಂಬ ಇನ್ನೊಂದು ನಗರವಿದೆ, ಅದಕ್ಕೆ ತನ್ನದೇ ವಿಮಾನ ನಿಲ್ದಾಣವೂ ಇದೆ. ನೋವಾ ಸ್ಕೋಷಿಯಾದಲ್ಲಿ ಸಿಡ್ನಿ ಎಂಬ ಪಟ್ಟಣವೂ ಇದೆ. ಇಂಗ್ಲೆಂಡಿನ ಲಂಡನ್ನಿನಲ್ಲಿ ಹೀಥ್ರೋ, ಗ್ಯಾಟ್‌ವಿಕ್ ಎಂದು ಬೇರೆ ಬೇರೆ ನಿಲ್ದಾಣಗಳಿವೆ. ಟಿಕೆಟ್ಟಿನಲ್ಲಿ ಇಳಿಯುವ ನಿಲ್ದಾಣವೂ ಮತ್ತೆ ಹತ್ತುವ ನಿಲ್ದಾಣವೂ ಬೇರೆಯಾಗಿದ್ದರೆ, ಪೆಟ್ಟಿಗೆ ಹೊತ್ತು ಊರು ದಾಟಬೇಕು ಎಂದರ್ಥ. ಅಂಥ ಟಿಕೆಟ್ ಅಗ್ಗವಾಗಿ ಕಾಣುವುದಕ್ಕೆ ಅದೇ ಕಾರಣವಿರಬಹುದು.

## ಹಂತ 2: ಪ್ರತಿಯೊಂದು ಹಾರಾಟದ ದೂರವನ್ನು ಬೇರೆಬೇರೆಯಾಗಿ ಅಳೆಯುವುದು

ಗೋಡೆಯ ಮೇಲಿನ ಚಪ್ಪಟೆ ಭೂಪಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆಯಬೇಡಿ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಿರಿದಾದ ಹಾದಿಯು ಮಹಾವೃತ್ತದ, ಅಂದರೆ ಗೋಳವನ್ನು ಸರಿಯಾಗಿ ಎರಡು ಪಾಲು ಮಾಡುವ ವೃತ್ತದ, ತುಣುಕು. ಚಪ್ಪಟೆ ಪಟದಲ್ಲಿ ಅದು ಬಿಲ್ಲಿನಂತೆ ಬಾಗಿ ಕಾಣುತ್ತದೆ. ಗ್ಲೋಬಿನಲ್ಲಿ ಬೆಂಗಳೂರಿನ ಮೇಲೆ ಒಂದು ಬೆರಳು, ಟೊರೊಂಟೊ ಮೇಲೆ ಇನ್ನೊಂದು ಬೆರಳಿಟ್ಟು ನೂಲನ್ನು ಬಿಗಿಯಾಗಿ ಎಳೆದು ನೋಡಿ. ಅದು ಅರಬ್ಬಿ ಸಮುದ್ರದ ಕಡೆಗೆ ಹೋಗುವುದೇ ಇಲ್ಲ. ಮಧ್ಯ ಏಷ್ಯಾ ದಾಟಿ, ರಷ್ಯಾದ ಮೇಲೇರಿ, ಸುಮಾರು 72 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಹತ್ತಿ, ಗ್ರೀನ್‌ಲ್ಯಾಂಡ್ ಮೇಲಿಂದ ಕೆನಡಾಕ್ಕೆ ಇಳಿಯುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನವು ಉತ್ತರ ಧ್ರುವದ ಹಾದಿ ಹಿಡಿದದ್ದು ಇದೇ ಕಾರಣಕ್ಕೆ. ಆ ಎರಡು ನಗರಗಳ ನಡುವಿನ ಅಂತರ ಸುಮಾರು 14,000 ಕಿ.ಮೀ.

ಕೈಯಾರೆ ಲೆಕ್ಕ ಹಾಕಬಯಸುವವರಿಗೆ ಸೂತ್ರ ಹೀಗಿದೆ. ಎರಡೂ ನಿಲ್ದಾಣಗಳ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ. ಆ ಅಕ್ಷಾಂಶಗಳ ಕೊಸೈನ್‌ಗಳನ್ನು ಪರಸ್ಪರ ಗುಣಿಸಿ, ಬಂದದ್ದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡು ಗುಣಲಬ್ಧಗಳನ್ನು ಕೂಡಿ, ಆ ಮೊತ್ತಕ್ಕೆ ವಿಲೋಮ ಕೊಸೈನ್ ತೆಗೆದರೆ ಡಿಗ್ರಿ ಸಿಗುತ್ತದೆ. ಪ್ರತಿ ಡಿಗ್ರಿಗೆ 111.2 ಕಿ.ಮೀ. ಬೆಂಗಳೂರು ನಿಲ್ದಾಣ 13.20 ಉತ್ತರ, 77.71 ಪೂರ್ವ; ಹೀಥ್ರೋ 51.47 ಉತ್ತರ, 0.45 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಬೇಕು: 78.16. ಉತ್ತರವು 72.36 ಡಿಗ್ರಿ, ಅಂದರೆ ಸುಮಾರು 8,046 ಕಿ.ಮೀ. ಇಲ್ಲಿ ಕೂಡುವ ಬದಲು ಕಳೆಯುವುದು ಅತಿ ಸಾಮಾನ್ಯ ತಪ್ಪು. ಉತ್ತರ ಅಸಂಬದ್ಧವಾಗಿ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದೆಯೇ ಎಂದು ಮೊದಲು ನೋಡಿ.

ಇದೇ ರೀತಿ ಹೀಥ್ರೋದಿಂದ ಟೊರೊಂಟೊಗೆ ಸುಮಾರು 5,707 ಕಿ.ಮೀ. ಎರಡೂ ಸೇರಿ 13,753. ಬೆಂಗಳೂರಿನಿಂದ ಟೊರೊಂಟೊಗೆ ನೇರ ಮಹಾವೃತ್ತದ ದೂರ 13,285. ಹಾಗಾದರೆ ಲಂಡನ್ ಮೂಲಕ ಹೋಗುವುದರಿಂದ ಹೆಚ್ಚುವುದು 470 ಕಿ.ಮೀ. ಮಾತ್ರ. ದುಬೈ ಮೂಲಕವಾದರೆ 2,695 ಮತ್ತು 11,082 ಸೇರಿ 13,777, ಅಂದರೆ ಹೆಚ್ಚುಕಡಿಮೆ ಅಷ್ಟೇ. ಯಾವ ಊರಿನ ಮೂಲಕ ಹೋದರೆ ಹತ್ತಿರ ಎಂಬ ಚರ್ಚೆಯಲ್ಲಿ ಸಂಜೆ ಕಳೆಯುವವರು ಇದನ್ನು ಗಮನಿಸಬೇಕು: ಎರಡು ದಾರಿಗಳ ಅಂತರ ವಿಮಾನಕ್ಕೆ ಎರಡು ನಿಮಿಷದಷ್ಟೂ ಇಲ್ಲ.

ಅಳತೆಯ ಮಾನವನ್ನೂ ಪರೀಕ್ಷಿಸಿ. 8,046 ಕಿ.ಮೀ. ಎಂದರೆ 5,000 ಮೈಲಿ. ಆದರೆ ಹಡಗು, ವಿಮಾನಗಳವರು ಬಳಸುವ ನಾಟಿಕಲ್ ಮೈಲಿಯಲ್ಲಿ ಅದು ಕೇವಲ 4,344. ಮೂರು ಜಾಲತಾಣಗಳು ಮೂರು ಸಂಖ್ಯೆ ತೋರಿಸಿದರೆ ಸಾಮಾನ್ಯವಾಗಿ ಮೂರೂ ಸರಿಯಾಗಿಯೇ ಇರುತ್ತವೆ.

## ಹಂತ 3: ದೂರದಿಂದ ಹಾರಾಟದ ಅವಧಿಗೆ ಬರುವುದು

ದೊಡ್ಡ ವಿಮಾನವು ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗುವುದು ನಿಜ. ಆದರೆ ಟಿಕೆಟ್ಟಿನಲ್ಲಿ ಬರೆಯುವ ಅವಧಿಯು ವಿಮಾನವು ಗೇಟಿನಿಂದ ಹಿಂದೆ ಸರಿದ ಗಳಿಗೆಯಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನದು. ರನ್‌ವೇಗೆ ಉರುಳುವುದು, ಸರದಿ ಕಾಯುವುದು, ಏರುವುದು, ಇಳಿಯುವ ಮುನ್ನ ಆಕಾಶದಲ್ಲಿ ಸುತ್ತುವುದು ಎಲ್ಲವೂ ಅದರಲ್ಲಿ ಸೇರಿವೆ. ಆದ್ದರಿಂದ ದೂರವನ್ನು 850ರಿಂದ ಭಾಗಿಸಿ 40 ನಿಮಿಷ ಕೂಡಿಸಿ.

ಬೆಂಗಳೂರು–ಲಂಡನ್‌ಗೆ ಹೀಗೆ 10 ಗಂಟೆ 8 ನಿಮಿಷ ಬರುತ್ತದೆ. ಲಂಡನ್–ಟೊರೊಂಟೊಗೆ 7 ಗಂಟೆ 23 ನಿಮಿಷ. ಪಶ್ಚಿಮಕ್ಕೆ ಹೋಗುವಾಗ ಇದರ ಮೇಲೆ ಪ್ರತಿ ಹಾರಾಟಕ್ಕೆ ಅರ್ಧ ಗಂಟೆ ಸೇರಿಸಿ, ಏಕೆಂದರೆ ಮಧ್ಯ ಅಕ್ಷಾಂಶಗಳ ಮೇಲ್ವಾಯುವಿನಲ್ಲಿ ಜೆಟ್ ಪ್ರವಾಹವು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಟೊರೊಂಟೊಗೆ ಎಂಟು ಗಂಟೆ ಹಿಡಿದ ವಿಮಾನವು ಹಿಂದಿರುಗುವಾಗ ಏಳಕ್ಕೇ ಲಂಡನ್ ಮುಟ್ಟುವುದು ಇದರಿಂದಲೇ. ಹೋಗುವ ಅವಧಿಯನ್ನೇ ಬರುವ ಅವಧಿ ಎಂದು ಬರೆದುಕೊಳ್ಳಬೇಡಿ.

ಎಚ್ಚರಿಕೆಯ ಚಿಹ್ನೆ: ನಿಮ್ಮ ಲೆಕ್ಕಕ್ಕಿಂತ ಟಿಕೆಟ್ಟಿನ ಅವಧಿ ಒಂದೂವರೆ ಗಂಟೆಗಿಂತ ಹೆಚ್ಚಿದ್ದರೆ, ವಿಮಾನವು ಯಾವುದೋ ವಾಯುಪ್ರದೇಶವನ್ನು ತಪ್ಪಿಸಿ ಸುತ್ತಿ ಹೋಗುತ್ತಿದೆ ಅಥವಾ ನಡುವೆ ಎಲ್ಲೋ ಇಳಿಯುತ್ತಿದೆ. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಮೇಲೆ ರಷ್ಯಾದ ಆಕಾಶವು ಕೆನಡಾ, ಅಮೆರಿಕ, ಬ್ರಿಟನ್, ಐರೋಪ್ಯ ಒಕ್ಕೂಟಗಳ ಕಂಪನಿಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ಕಂಪನಿಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ನೂಲಿನ ಹಾದಿ ರಾಜಕೀಯವನ್ನು ಲೆಕ್ಕಿಸುವುದಿಲ್ಲ, ವಿಮಾನ ಲೆಕ್ಕಿಸಲೇಬೇಕು.

## ಹಂತ 4: ಎಲ್ಲ ವೇಳೆಗಳನ್ನೂ ಒಂದೇ ಗಡಿಯಾರಕ್ಕೆ ತರುವುದು

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆದರೆ ಬರುವ ಸಂಖ್ಯೆಗೆ ಯಾವ ಅರ್ಥವೂ ಇರುವುದಿಲ್ಲ. ಬೆಳಿಗ್ಗೆ 7:10ಕ್ಕೆ ಬೆಂಗಳೂರು ಬಿಟ್ಟು ಮಧ್ಯಾಹ್ನ 12:20ಕ್ಕೆ ಲಂಡನ್ ಎಂದು ಓದಿ, ಐದು ಗಂಟೆಯ ದಾರಿ ಎಂದು ಊಟ ಕಟ್ಟದೆ ಹೊರಟವರೊಬ್ಬರನ್ನು ನಾನು ಬಲ್ಲೆ.

ಪ್ರತಿ ವಿದೇಶಿ ವೇಳೆಯ ಪಕ್ಕದಲ್ಲಿ ಅದರ ಭಾರತೀಯ ವೇಳೆಯನ್ನು ಬರೆಯಿರಿ. ಕೂಡಬೇಕಾದ ಅಂತರಗಳು ಇವು:

- ದುಬೈ: ವರ್ಷವಿಡೀ 1 ಗಂಟೆ 30 ನಿಮಿಷ.
- ಲಂಡನ್: ಚಳಿಗಾಲದಲ್ಲಿ 5 ಗಂಟೆ 30 ನಿಮಿಷ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ 4 ಗಂಟೆ 30 ನಿಮಿಷ.
- ಟೊರೊಂಟೊ: ಚಳಿಗಾಲದಲ್ಲಿ 10 ಗಂಟೆ 30 ನಿಮಿಷ, ಮಾರ್ಚ್ ಎರಡನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ 9 ಗಂಟೆ 30 ನಿಮಿಷ.
- ಸಿಡ್ನಿ, ಮೆಲ್ಬರ್ನ್: ಇವು ನಮಗಿಂತ ಮುಂದಿರುವುದರಿಂದ ಕಳೆಯಬೇಕು, ಏಪ್ರಿಲ್ ಮೊದಲ ಭಾನುವಾರದಿಂದ 4 ಗಂಟೆ 30 ನಿಮಿಷ, ಅಕ್ಟೋಬರ್ ಮೊದಲ ಭಾನುವಾರದಿಂದ 5 ಗಂಟೆ 30 ನಿಮಿಷ.

ನಮ್ಮ ಹಬ್ಬಗಳು ಈ ಬದಲಾವಣೆಯ ಎರಡೂ ಕಡೆ ಬೀಳುತ್ತವೆ. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಬರುವವರಿಗೆ ಟೊರೊಂಟೊ ಒಂಬತ್ತೂವರೆ ಗಂಟೆ ಹಿಂದಿರುತ್ತದೆ; ನವೆಂಬರ್–ಡಿಸೆಂಬರ್‌ನಲ್ಲಿ ಬರುವ ಸುಗ್ಗಿಯ ಹಬ್ಬ ಪುತ್ತರಿಗೆ ಬರುವವರಿಗೆ ಹತ್ತೂವರೆ. ಹಳೆಯ ಪ್ರಯಾಣದ ಚೀಟಿಯನ್ನು ನೋಡಿ ಹೊಸದನ್ನು ಬರೆಯುವವರ ಲೆಕ್ಕದಲ್ಲಿ ಸರಿಯಾಗಿ ಒಂದು ಗಂಟೆ ತಪ್ಪುವುದು ಈ ಕಾರಣಕ್ಕೆ. ಅಕ್ಟೋಬರ್ ಕೊನೆಯ ವಾರ ಇನ್ನೂ ತೊಡಕಿನದು: ಲಂಡನ್ ಗಡಿಯಾರ ಬದಲಾಗಿರುತ್ತದೆ, ಟೊರೊಂಟೊದ್ದು ಬದಲಾಗಿರುವುದಿಲ್ಲ.

ಈಗ ಚಳಿಗಾಲದ ಒಂದು ಮಾದರಿ ಪ್ರಯಾಣವನ್ನು ಬರೆಯೋಣ. ಮಂಗಳವಾರ ಬೆಳಿಗ್ಗೆ 7:10ಕ್ಕೆ ಬೆಂಗಳೂರು. ಲಂಡನ್ ತಲುಪುವುದು ಅಲ್ಲಿನ 12:20ಕ್ಕೆ, ಅಂದರೆ ನಮ್ಮ ಸಂಜೆ 5:50. ಹಾರಾಟ 10 ಗಂಟೆ 40 ನಿಮಿಷ. ಲಂಡನ್ ಬಿಡುವುದು ಅಲ್ಲಿನ 15:30ಕ್ಕೆ, ನಮ್ಮ ರಾತ್ರಿ 9:00. ಟೊರೊಂಟೊ ತಲುಪುವುದು ಅಲ್ಲಿನ 18:30ಕ್ಕೆ, ನಮ್ಮ ಬುಧವಾರ ಬೆಳಗಿನ ಜಾವ 5:00. ಹಾರಾಟ 8 ಗಂಟೆ. ಬೆಂಗಳೂರು ಬಿಟ್ಟಾಗಿನಿಂದ ಒಟ್ಟು 21 ಗಂಟೆ 50 ನಿಮಿಷ. ತಾಳೆ ನೋಡಲು ಎರಡು ಹಾರಾಟಗಳನ್ನೂ ನಡುವಿನ 3 ಗಂಟೆ 10 ನಿಮಿಷವನ್ನೂ ಕೂಡಿ; ಅದೇ ಮೊತ್ತ ಬರಬೇಕು. ಬಾರದಿದ್ದರೆ ಒಂದು ಕಡೆ ಅಂತರವನ್ನು ಕೂಡಿದ್ದೀರಿ, ಇನ್ನೊಂದು ಕಡೆ ಮರೆತಿದ್ದೀರಿ.

ವೇಳೆಯ ಪಕ್ಕದಲ್ಲಿ ಸಣ್ಣದಾಗಿ +1 ಎಂದು ಇದ್ದರೆ ತಲುಪುವುದು ಮರುದಿನ ಎಂದರ್ಥ. ಮುದ್ರಿಸಿದ ಪ್ರತಿಯಲ್ಲಿ ಈ ಗುರುತು ಮಸುಕಾಗಿರುತ್ತದೆ, ಕೆಂಪು ಪೆನ್ನಿನಿಂದ ಸುತ್ತು ಹಾಕಿ.

ಮಧ್ಯರಾತ್ರಿಯ ತಪ್ಪಿನ ಬಗ್ಗೆ ಹೇಳುವಾಗ ನನಗೆ ಸಂಕೋಚವಿಲ್ಲ, ಏಕೆಂದರೆ ಅದನ್ನು ನಾನೇ ಮಾಡಿದ್ದೇನೆ. ಚಿಕ್ಕಪ್ಪನ ಟಿಕೆಟ್ಟಿನಲ್ಲಿ ‘ಸೋಮವಾರ, 00:40’ ಎಂದಿತ್ತು. ಸೋಮವಾರ ಮಧ್ಯಾಹ್ನ ಊಟ ಮುಗಿಸಿ, ಜೇನು ಮತ್ತು ಕರಿಮೆಣಸಿನ ಡಬ್ಬಿಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ರಾತ್ರಿ ಒಂಬತ್ತರ ಹೊತ್ತಿಗೆ ನಿಲ್ದಾಣದ ಬಾಗಿಲಲ್ಲಿ ನಿಂತೆವು. ಅಲ್ಲಿದ್ದ ಭದ್ರತಾ ಸಿಬ್ಬಂದಿ ಟಿಕೆಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ‘ಇದು ನಿನ್ನೆ ರಾತ್ರಿಯೇ ಹೋಯಿತಲ್ಲ’ ಎಂದರು. ಸೋಮವಾರದ 00:40 ಎಂದರೆ ಭಾನುವಾರ ರಾತ್ರಿ ಊಟವಾದ ಮೇಲಿನ ಹೊತ್ತು. ಅಂದಿನಿಂದ 00:00 ಮತ್ತು 04:00ರ ನಡುವಿನ ಯಾವ ವೇಳೆಯನ್ನೂ ನಾನು ‘ಭಾನುವಾರ ರಾತ್ರಿ ಕಳೆದು’ ಎಂಬಂತೆ ಮಾತಿನಲ್ಲಿಯೂ ಬರೆದಿಡುತ್ತೇನೆ. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಡುವ ಬಹಳಷ್ಟು ವಿಮಾನಗಳು ಇದೇ ಹೊತ್ತಿನವು.

## ಹಂತ 5: ನಡುವಿನ ನಿಲುಗಡೆಯನ್ನು ತೂಗುವುದು

ಎರಡೂ ಹಾರಾಟಗಳು ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಬೇರೆ ವಿಮಾನದಲ್ಲಿ ಕಳುಹಿಸುವ ಹೊಣೆ ಕಂಪನಿಯದು. ಬೇರೆಬೇರೆ ಟಿಕೆಟ್ ಕೊಂಡರೆ ಆ ಹೊಣೆ ನಿಮ್ಮದೇ. ಕಣ್ಣೂರಿನಿಂದ ಗಲ್ಫಿಗೆ ಅಗ್ಗದ ಟಿಕೆಟ್, ಅಲ್ಲಿಂದ ಟೊರೊಂಟೊಗೆ ಇನ್ನೊಂದು ಎಂದು ಜೋಡಿಸುವವರು ಲಗೇಜನ್ನು ಅಲ್ಲಿಯೇ ಪಡೆದು ಮತ್ತೆ ಒಪ್ಪಿಸಬೇಕಾಗಬಹುದು, ಅದಕ್ಕಾಗಿ ಆ ದೇಶದ ವೀಸಾವೂ ಬೇಕಾಗಬಹುದು.

ಒಂದೇ ಟಿಕೆಟ್ಟಿಗೆ ಎರಡೂವರೆಯಿಂದ ನಾಲ್ಕು ಗಂಟೆಯ ನಿಲುಗಡೆ ನನ್ನ ಪ್ರಕಾರ ಹದವಾದದ್ದು. ವಯಸ್ಸಾದ ಅಪ್ಪ ಅಮ್ಮ ಮಾತ್ರ ಹೋಗುತ್ತಿದ್ದರೆ ನಾಲ್ಕರ ಕಡೆಗೇ ಒಲಿಯಿರಿ, ಗಾಲಿಕುರ್ಚಿಯನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ಆ ದೇಶದಲ್ಲಿ ಮೊದಲು ಇಳಿಯುವ ಊರಿನಲ್ಲಿಯೇ ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆಗಳನ್ನು ಪಡೆದು ಮತ್ತೆ ಒಪ್ಪಿಸಬೇಕು. ಅಲ್ಲಿ ಎರಡು ಗಂಟೆಗಿಂತ ಕಡಿಮೆ ಅಂತರವಿರುವ ಟಿಕೆಟನ್ನು ನಾನಾದರೆ ಕೊಳ್ಳುವುದಿಲ್ಲ.

## ಹಂತ 6: ಘಾಟಿ ಇಳಿಯುವ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಹಾಕುವುದು

ಆಕಾಶದ ಲೆಕ್ಕ ಹೊರಟ ಗಳಿಗೆಯಿಂದ ಮುಂದಕ್ಕೆ ಸಾಗುತ್ತದೆ. ರಸ್ತೆಯ ಲೆಕ್ಕವನ್ನು ವಿಮಾನದ ವೇಳೆಯಿಂದ ಹಿಂದಕ್ಕೆ ಹಾಕಬೇಕು. ‘ಮನೆಯಿಂದ ಎಂಟಕ್ಕೆ ಬಿಟ್ಟರೆ ಸಾಕು’ ಎಂದು ಮುಂದಿನಿಂದ ಶುರು ಮಾಡಿದವರು ಸಾಮಾನ್ಯವಾಗಿ ಹೆಬ್ಬಾಳದ ಬಳಿ ಬೆವರುತ್ತಾರೆ.

ಮಾದರಿ ವಿಮಾನ ಮಂಗಳವಾರ ಬೆಳಿಗ್ಗೆ 7:10ಕ್ಕೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು, ಅಂದರೆ 4:10ಕ್ಕೆ ನಿಲ್ದಾಣದಲ್ಲಿರಬೇಕು; ಅನೇಕ ಕಂಪನಿಗಳು ಒಂದು ಗಂಟೆ ಮುಂಚೆಯೇ ಚೆಕ್-ಇನ್ ಮುಚ್ಚುತ್ತವೆ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ಗೆ ಹೋಗಿವೆ, ಚಾಲಕನಿಗೆ ಅದನ್ನು ಹೇಳಿ. ಮಡಿಕೇರಿಯಿಂದ ಕುಶಾಲನಗರ, ಹುಣಸೂರು ಹಾದು ಮೈಸೂರಿಗೆ ಸುಮಾರು 120 ಕಿ.ಮೀ., ಮೂರು ಗಂಟೆ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ನಡುವಿನ ಭಾಗ ಬೇಗ ಮುಗಿಯುತ್ತದೆ, ಆದರೆ ಅದು ನಿಮ್ಮನ್ನು ಬಿಡುವುದು ಕೆಂಗೇರಿ ಕಡೆಗೆ. ನಿಲ್ದಾಣ ಇರುವುದು ಊರಿನ ಮತ್ತೊಂದು ತುದಿಯ ದೇವನಹಳ್ಳಿ ಕಡೆಗೆ. ಒಂದು ಚಹಾ ನಿಲುಗಡೆಯೂ ಸೇರಿ ಮಡಿಕೇರಿಯಿಂದ ಏಳು ಗಂಟೆ ಇಡಿ. ಪಂಕ್ಚರ್, ಮಂಜು, ರಸ್ತೆಗಡ್ಡ ಬಿದ್ದ ಮರ ಇವಕ್ಕೆಂದು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಆಗ ಸೋಮವಾರ ರಾತ್ರಿ 8 ಗಂಟೆಗೆ ಮಡಿಕೇರಿ ಬಿಡಬೇಕು. ನಾಪೋಕ್ಲು ಕಡೆಯ ತೋಟದ ಮನೆಯಿಂದ, ಕಾಫಿ ಗಿಡಗಳ ನಡುವಿನ ಕಚ್ಚಾದಾರಿಯೂ ಸೇರಿ, ಸಂಜೆ 6:30.

ದಕ್ಷಿಣ ಕೊಡಗಿನವರಿಗೆ ಒಂದು ಮಾತು. ಕುಟ್ಟದಿಂದ ನಾಗರಹೊಳೆ ಕಾಡಿನೊಳಗೆ ಹುಣಸೂರಿಗೆ ಹೋಗುವ ರಸ್ತೆಯು ಸಂಜೆ ಮುಚ್ಚಿ ಬೆಳಿಗ್ಗೆ ತೆರೆಯುತ್ತದೆ. ಮೊಬೈಲಿನ ನಕಾಶೆ ಅದನ್ನೇ ಹತ್ತಿರದ ದಾರಿ ಎಂದು ತೋರಿಸಬಹುದು; ರಾತ್ರಿ ಪ್ರಯಾಣಕ್ಕೆ ಗೋಣಿಕೊಪ್ಪ, ತಿತಿಮತಿ ಮೂಲಕ ಹೋಗಿ, ಆ ದಾರಿಯಲ್ಲಿಯೂ ಆನೆಗಾಗಿ ನಿಲ್ಲುವ ಸಮಯವನ್ನು ಇಟ್ಟುಕೊಳ್ಳಿ.

ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿ ಹಾದು ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣಕ್ಕೆ ಸುಮಾರು 60 ಕಿ.ಮೀ. ಮಾತ್ರ. 2018ರ ಡಿಸೆಂಬರ್‌ನಲ್ಲಿ ಅದು ಆರಂಭವಾದಾಗಿನಿಂದ ಗಲ್ಫಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ. ಆದರೆ ಮಳೆಗಾಲದಲ್ಲಿ ಈ ಘಾಟಿಯನ್ನಾಗಲಿ, ಮಂಗಳೂರಿನ ಕಡೆಯ ಸಂಪಾಜೆ ಘಾಟಿಯನ್ನಾಗಲಿ ನಂಬಿ ಕೊನೆಯ ಗಳಿಗೆಗೆ ಹೊರಡಬಾರದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಕಡಿದುಹೋದದ್ದು ನಮಗೆಲ್ಲ ನೆನಪಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರಯಾಣವಾದರೆ ಹಿಂದಿನ ದಿನವೇ ಘಾಟಿ ಇಳಿದು ಕೆಳಗೆ ರಾತ್ರಿ ತಂಗುವುದು ದುಬಾರಿ ಎನಿಸಿದರೂ ತಪ್ಪಿದ ಟಿಕೆಟ್ಟಿಗಿಂತ ಅಗ್ಗ.

ಈಗ ಎರಡು ತುದಿಗಳನ್ನೂ ಜೋಡಿಸಿ. ಸೋಮವಾರ ಸಂಜೆ 6:30ಕ್ಕೆ ಮನೆ. ಭಾರತೀಯ ವೇಳೆಯ ಬುಧವಾರ ಬೆಳಗಿನ ಜಾವ 5:00ಕ್ಕೆ ಟೊರೊಂಟೊ. ವಲಸೆ ತಪಾಸಣೆ ಮತ್ತು ಲಗೇಜಿಗೆ ಎರಡು ಗಂಟೆ. ಒಟ್ಟು 36 ಗಂಟೆ 30 ನಿಮಿಷ. ಇದರಲ್ಲಿ ಆಕಾಶದಲ್ಲಿ ಕಳೆದದ್ದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು.

## ಹಂತ 7: ಹಿಂದಿರುಗುವ ಲೆಕ್ಕವನ್ನು ಹೊಸದಾಗಿ ಬರೆಯುವುದು

ಬರುವ ಪ್ರಯಾಣಕ್ಕೆ ಹೊಸ ಪುಟ ತೆಗೆಯಿರಿ. ಗಾಳಿ ಬೆನ್ನ ಹಿಂದಿರುವುದರಿಂದ ಹಾರಾಟ ಕಿರಿದಾಗುತ್ತದೆ, ಗಡಿಯಾರ ಮಾತ್ರ ಮುಂದಕ್ಕೆ ಓಡುತ್ತದೆ. ಪುತ್ತರಿಯ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾಗುವುದನ್ನು ಕಾದು ಟಿಕೆಟ್ ಕೊಳ್ಳುವವರಿಗೆ ದಿನಗಳ ಈ ಲೆಕ್ಕ ಮುಖ್ಯ. ಕದಿರು ತೆಗೆಯುವ ರಾತ್ರಿಗೆ ಹೊಂದಿಸಿ ಅದೇ ದಿನ ಬಂದಿಳಿಯುವ ಟಿಕೆಟ್ ಕೊಂಡರೆ ಒಂದು ವಿಮಾನ ತಡವಾದರೂ ಕದಿರಿನ ಗದ್ದೆ ಸಿಗುವುದಿಲ್ಲ.

ಚಳಿಗಾಲದ ಶುಕ್ರವಾರ ರಾತ್ರಿ 20:00ಕ್ಕೆ ಟೊರೊಂಟೊ ಬಿಟ್ಟರೆ ಅದು ನಮ್ಮ ಶನಿವಾರ ಬೆಳಿಗ್ಗೆ 6:30. ಏಳು ಗಂಟೆ ಹಾರಿದರೆ ಲಂಡನ್, ಅಲ್ಲಿನ ಬೆಳಿಗ್ಗೆ 8:00. ನಾಲ್ಕೂವರೆ ಗಂಟೆ ಕಾದು 12:30ಕ್ಕೆ ಮತ್ತೆ ಹತ್ತಿ, 9 ಗಂಟೆ 45 ನಿಮಿಷ ಹಾರಿದರೆ ಬೆಂಗಳೂರು ಮುಟ್ಟುವುದು ಭಾನುವಾರ ಬೆಳಗಿನ ಜಾವ 3:45. ಶುಕ್ರವಾರ ಹೊರಟವರು ಶನಿವಾರ ಬರುತ್ತಾರೆಂದು ಮನೆಯವರು ಕಾಯುವುದು ಇಲ್ಲಿಯ ವಾಡಿಕೆಯ ತಪ್ಪು.

ಹೊರಗೆ ಬರುವ ಹೊತ್ತಿಗೆ ಐದೂಕಾಲು ಆಗಿರುತ್ತದೆ, ದಾರಿಯಲ್ಲಿ ತಿಂಡಿ ಮುಗಿಸಿ ಮಡಿಕೇರಿ ಸೇರುವಾಗ ಮಧ್ಯಾಹ್ನ ಒಂದು. ಬಂದವರ ದೇಹ ಇನ್ನೂ ಹತ್ತೂವರೆ ಗಂಟೆ ಹಿಂದಿನ ಗಡಿಯಾರದಲ್ಲಿರುತ್ತದೆ, ಬೈಲುಕುಪ್ಪೆ ದಾಟುವಷ್ಟರಲ್ಲಿ ಕಣ್ಣು ಎಳೆಯತೊಡಗುತ್ತದೆ. ಅವರ ಕೈಗೆ ಸ್ಟೀರಿಂಗ್ ಕೊಡಬೇಡಿ. ಊರಿನಿಂದ ಚಾಲಕನನ್ನು ಕಳುಹಿಸುವುದಾದರೆ ವಿಮಾನ ಭಾನುವಾರ ಎಂದಷ್ಟೇ ಹೇಳಿ ನಿಲ್ಲಿಸದೆ, ಶನಿವಾರ ರಾತ್ರಿ ಎಂಟೂವರೆಗೆ ಮಡಿಕೇರಿ ಬಿಡಬೇಕು ಎಂದು ಹೇಳಿ, ಅವನ ಬಾಯಿಂದ ಅದನ್ನು ಒಮ್ಮೆ ತಿರುಗಿ ಹೇಳಿಸಿಕೊಳ್ಳಿ.